ಮುಂದಿನ ಬ್ರೇಕ್

ಹದಿನಾಲ್ಕು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ತರಬೇತಿ ಅಂತ ಹೋಗಿದ್ದು ಈ ಭಾನುವಾರವೇ ಮೊದಲು. ಇಲ್ಲೇ ವಿಜಯಪುರದ ಒಂದು ಖಾಲಿ ಮೈದಾನದಲ್ಲಿ, ಬೆಳಗ್ಗೆ ಆರೂವರೆಗೆ.

ಬೈಕ್ ಕಲಿಯುವಾಗ ಕಾಕಾ ಹೇಳಿದ್ದು ಒಂದೇ ಮಾತು: "ಮುಂದಿನ ಬ್ರೇಕ್ ಹಿಡೀಬ್ಯಾಡ, ಪಲ್ಟಿ ಹೊಡೀತಿ." ಇಷ್ಟು ವರ್ಷ ಅದನ್ನೇ ನಂಬಿದ್ದೆ. ಆದರೆ ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರದ ಮೇಲೆ ಬರುತ್ತದೆ. ಹಿಡಿತ ಜಾಸ್ತಿ ಸಿಗುವುದೂ ಅಲ್ಲೇ. ಗಬಕ್ಕನೆ ಎಳೆಯಬಾರದು, ಅಷ್ಟೇ. "ಎಮ್ಮಿ ಹಾಲು ಹಿಂಡಿದಂಗ ಮೆಲ್ಲಕ ಬಿಗಿ ಮಾಡ್ರಿ ಅಣ್ಣಾರ" ಅಂದರು ಕಲಿಸುವವರು. ಹ್ಯಾಂಡಲ್ ನೇರ, ಎರಡೂ ಬ್ರೇಕ್ ಒಟ್ಟಿಗೆ.

40ರ ವೇಗದಲ್ಲಿ ಮೊದಲು ಹಿಂದಿನ ಬ್ರೇಕ್ ಒಂದರಿಂದ ನಿಲ್ಲಿಸಿದೆ, ಆಮೇಲೆ ಎರಡರಿಂದ. ನಿಂತ ಜಾಗಕ್ಕೆ ಸುಣ್ಣದ ಗೆರೆ ಎಳೆದರು. ಎರಡು ಗೆರೆಗಳ ನಡುವಿನ ಅಂತರ ನೋಡುತ್ತಾ ಸುಮ್ನೆ ನಿಂತುಬಿಟ್ಟೆ.

ಹೋದ ವರ್ಷ ಕಬ್ಬಿನ ಸೀಸನ್‌ನಲ್ಲಿ, ರಾತ್ರಿ ಜಮಖಂಡಿ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದ ಟ್ರಾಲಿಯೊಂದು ತೀರಾ ಹತ್ತಿರ ಹೋದ ಮೇಲೆ ಕಣ್ಣಿಗೆ ಬಿದ್ದಿತ್ತು. ಹಿಂದಿನ ಬ್ರೇಕ್ ಮಾತ್ರ ತುಳಿದಿದ್ದೆ. ಗಾಡಿ ಅಡ್ಡ ಜಾರಿತ್ತು. ಒಂದು ಗೇಣಿನಲ್ಲಿ ಉಳಿದೆ. 60ರ ವೇಗದಲ್ಲಿ ಒಂದು ಸೆಕೆಂಡಿಗೆ 16 ಮೀಟರಿಗೂ ಜಾಸ್ತಿ ಹೋಗುತ್ತೇವೆ. ಕೈ ಬ್ರೇಕ್ ಮುಟ್ಟುವ ಮೊದಲೇ ಅಷ್ಟು ದೂರ ಹೋಗಿರುತ್ತದೆ ಅಲ್ವಾ?

ತಿರುವಿನ ಪಾಠವೂ ಚೆನ್ನಾಗಿತ್ತು. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ತಗ್ಗನ್ನೇ ನೋಡಿದರೆ ತಗ್ಗಿಗೇ ಇಳಿಯುತ್ತೇವೆ.

ಅಣ್ಣನ ಮಗ ಈ ವರ್ಷ ಲೈಸೆನ್ಸ್ ಮಾಡಿಸುತ್ತಾನೆ. ಮುಂದಿನ ಭಾನುವಾರ ಅವನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಕಾಕಾನೂ ನೋಡಲು ಬರುತ್ತೇನೆ ಅಂದಿದ್ದಾರೆ.