ಚೌತಿಗೆ ಮೊದಲಿನ ಚಕ್ಕುಲಿ ಕಂಬಳ

ಇವತ್ತು ನಮ್ಮನೆಯಲ್ಲಿ ಚಕ್ಕುಲಿ ಕಂಬಳ. ಶಿರಸಿ ಕಡೆಯವರಿಗೆ ಗೊತ್ತಲ್ಲ, ಚೌತಿ ಹತ್ತಿರ ಬಂದಾಗ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುತ್ತಾರೆ. ಚಕ್ಕುಲಿ ಒರಳಿಗೆ ಇಲ್ಲಿ ಕೆಲಸವೇ ಇಲ್ಲ.

ದೊಡ್ಡಪ್ಪನ ಬೆರಳುಗಳನ್ನೇ ನೋಡುತ್ತಾ ಕೂತಿದ್ದೆ. ಅಕ್ಕಿ, ಉದ್ದಿನ ಹಿಟ್ಟಿನ ಎಳೆ ಹೆಬ್ಬೆರಳು ತೋರುಬೆರಳ ನಡುವೆ ಹಗ್ಗದ ಹಾಗೆ ಹುರಿಗೊಳ್ಳುತ್ತಾ ಬಾಳೆಎಲೆ ಮೇಲೆ ಸುತ್ತು ಸುತ್ತಾಗಿ ಇಳಿಯುತ್ತಿತ್ತು. ನನ್ನದು ಎರಡನೇ ಸುತ್ತಿಗೇ ತುಂಡಾಯಿತು. "ಕೂಸೇ, ಹಿಟ್ಟು ಇನ್ನೂ ನಾದಬೇಕು" ಅಂದರು. ಮತ್ತೆ ನಾದಿದೆ. ಎಳೆ ನಿಂತಿತು! ಮಧ್ಯೆ ಎಲ್ಲರಿಗೂ ಮುರುಗಲು (ಕೋಕಂ) ಹಣ್ಣಿನ ಪಾನಕ.

ಚಕ್ಕುಲಿ ಅಂಗಡಿಯಲ್ಲಿ ವರ್ಷವಿಡೀ ಸಿಗುತ್ತದೆ, ಅಲ್ವಾ? ಆದರೆ ಇಷ್ಟು ಮನೆಯವರ ಕೈ ಸೇರಿದ ಚಕ್ಕುಲಿಯ ರುಚಿ ನನಗೆ ಬೇರೆಯೇ. ನಾಳೆ ಪಕ್ಕದ ಮನೆಯ ಸರದಿ. ನಾನೂ ಹೋಗುತ್ತೇನೆ.