ಮೂರನೇ ಕಂತಿನ ಪೆಟ್ಟಿಗೆಗಳು ಹೊರಟವು

ನಿನ್ನೆ ಸಂಜೆ ಹದಿನಾಲ್ಕು ಪೆಟ್ಟಿಗೆಗಳು ಅಂಚೆ ಕಚೇರಿ ಸೇರಿದವು. ಹದಿನೈದು ಸೇರಬೇಕಿತ್ತು. ಒಂದರ ತಳ ಕಿತ್ತುಹೋಗಿ ಕಾಲುಚೀಲ, ಕಾಫಿ ಪುಡಿ, ಪತ್ರ ಎಲ್ಲ ಮೆಟ್ಟಿಲ ಮೇಲೆ ಚೆಲ್ಲಾಪಿಲ್ಲಿಯಾದವು. ಹೊರಗೆ ಮಳೆ ಬೇರೆ. ಹಳೇ ರಟ್ಟಿನ ಪೆಟ್ಟಿಗೆಯನ್ನೇ ಮತ್ತೆ ಬಳಸೋಣ ಅಂದವಳು ನಾನೇ, ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ. ಸೋಮವಾರ ಅದನ್ನು ಹೊಸ ಪೆಟ್ಟಿಗೆಯಲ್ಲಿ ಕಳಿಸುತ್ತೇವೆ.

ಶುರು ಮಾಡಿದಾಗ ನಾವು ನಾಲ್ಕು ಜನ. ಈಗ ಏಳು. ದೂರದಲ್ಲಿ ಕರ್ತವ್ಯದಲ್ಲಿರುವ ಸೈನಿಕರಿಗೆ ಪಾರ್ಸೆಲ್ ಕಟ್ಟುತ್ತೇವೆ. ನಿವೃತ್ತ ಸೈನಿಕರ ಮನೆಯವರಿಗೆ ಕೈಲಾದ ಸಹಾಯ ಮಾಡುತ್ತೇವೆ. ನಮ್ಮ ಮನೆಯ ಊಟದ ಮೇಜೇ ಗೋದಾಮು. ಕಂತು ಕಳಿಸುವ ವಾರ ನಾವೆಲ್ಲ ನೆಲದ ಮೇಲೆ ಕೂತು ಉಣ್ಣುತ್ತೇವೆ.

ಮೊದಲ ಕಂತಿನ ಕಥೆ ಹೇಳಲೇಬೇಕು. ಪೆಟ್ಟಿಗೆ ತೆರೆದ ಕೂಡಲೇ ಘಮ್ ಅನ್ನಬೇಕು ಅಂತ ಒಳ್ಳೆ ಪರಿಮಳದ ಸೋಪು ಹುಡುಕಿ ತಂದಿದ್ದೆವು. ಅದರ ಪಕ್ಕದಲ್ಲೇ ಬಿಸ್ಕತ್ತು, ಚಾಕೊಲೇಟು, ಇಸ್ಪೀಟು ಕಟ್ಟು. ಆರು ವಾರ ಬಿಟ್ಟು ಒಬ್ಬರಿಂದ ಉತ್ತರ ಬಂತು. ತುಂಬ ಮರ್ಯಾದೆಯಿಂದ ಬರೆದಿದ್ದರು: ಪಾರ್ಸೆಲ್ ತಲುಪಿತು, ಬಿಸ್ಕತ್ತು ತಿಂದೆವು, ಸ್ವಲ್ಪ ಮಲ್ಲಿಗೆ ರುಚಿ ಇತ್ತು. ಚಾಕೊಲೇಟು ಕರಗಿ, ಮತ್ತೆ ಗಟ್ಟಿಯಾಗಿ, ಇಸ್ಪೀಟು ಎಲೆಗಳನ್ನು ಹಿಡಿದುಕೊಂಡಿತ್ತಂತೆ. 52ರಲ್ಲಿ 41 ಎಲೆ ಬಿಡಿಸಿಕೊಂಡು, ಅಷ್ಟರಲ್ಲೇ ಒಂದು ಹೊಸ ಆಟ ಕಂಡುಹಿಡಿದಿದ್ದೇವೆ ಅಂತ ಬರೆದಿದ್ದರು.

ಅಂದಿನಿಂದ ಸೋಪು, ಶಾಂಪೂ, ಪೌಡರ್‌ಗೆ ಬೇರೆಯದೇ ಪೆಟ್ಟಿಗೆ. ಒಂದಕ್ಕೆ ಎರಡು ಪ್ಲಾಸ್ಟಿಕ್ ಕವರ್. ಚಾಕೊಲೇಟು ಚಳಿಗಾಲದಲ್ಲಿ ಮಾತ್ರ. ಸ್ಪ್ರೇ ಡಬ್ಬಿ, ಬಿಡಿ ಲಿಥಿಯಂ ಬ್ಯಾಟರಿ, ಮದ್ಯ ಬೇಡವೇ ಬೇಡ. ಕಸ್ಟಮ್ಸ್ ಫಾರ್ಮ್ ಇದ್ದರೆ ಅದರಲ್ಲಿ ಸುಮ್ನೆ ಉಡುಗೊರೆ ಅಂತ ಬರೆದರೆ ಸಾಲದು. ಕಾಲುಚೀಲ ಎಷ್ಟು ಜೊತೆ, ಪೆನ್ನು ಎಷ್ಟು, ಎಲ್ಲ ಎಣಿಸಿ ಬರೆಯಬೇಕು.

ಆ ಉತ್ತರ ಬಂದ ಮೇಲೆ ನಮಗೆ ಹೊಳೆದ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು: ನಿಮಗೆ ಏನು ಬೇಕು? ಕೇಳಿದೆವು. ಪಟ್ಟಿಯಲ್ಲಿ ಮೊದಲು ಕಾಲುಚೀಲ, ಎರಡನೆಯದು ಕಾಲುಚೀಲ ("ಇನ್ನೂ ಜಾಸ್ತಿ" ಅಂತ ಸೇರಿಸಿ), ಆಮೇಲೆ ತುಟಿಗೆ ಹಚ್ಚುವ ಮುಲಾಮು, ಒದ್ದೆ ಟಿಶ್ಯೂ, ಬೆಚ್ಚನೆಯ ಟೋಪಿ. ಪರಿಮಳದ ಸೋಪು ಎಲ್ಲೂ ಇರಲಿಲ್ಲ.

ನಮಗಿಂತ ನೂರು ವರ್ಷ ಹಿಂದಿನವರೇ ಜಾಣರಿದ್ದರು. 1914ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿ ಹೆಸರಿನಲ್ಲಿ ಚಂದಾ ಎತ್ತಿ ಸೈನಿಕರಿಗೆ ಹಿತ್ತಾಳೆಯ ಡಬ್ಬಿ ಕಳಿಸಿದರು. ಬೀಡಿಸಿಗರೇಟು ಸೇದುವವರಿಗೆ ತಂಬಾಕು, ಸೇದದವರಿಗೆ ಹುಳಿ ಮಿಠಾಯಿ ಮತ್ತು ಬರೆಯುವ ಸಾಮಾನು. ಸಿಖ್ ಸೈನಿಕರಿಗೆ ಕಲ್ಲುಸಕ್ಕರೆ, ಮಸಾಲೆ. ನರ್ಸ್‌ಗಳಿಗೆ ಚಾಕೊಲೇಟು. ಹಂಚಿಕೆ ಮುಗಿಯುವ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಡಬ್ಬಿಗಳಾಗಿದ್ದವು. ಅಷ್ಟು ಜನರಲ್ಲೂ ಯಾರು ಏನು ತಿನ್ನುತ್ತಾರೆ ಅಂತ ಯೋಚಿಸಿದ್ದರು. ನಾವು ಹನ್ನೆರಡು ಜನಕ್ಕೆ ಯೋಚಿಸಿರಲಿಲ್ಲ.

ಟೋಪಿ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹೆಣಿಗೆ ಬಲ್ಲವರು ಒಬ್ಬರೇ, ಎಲ್ಲರೂ ಅಜ್ಜಿ ಅನ್ನುತ್ತೇವೆ. ಪಟ್ಟಿ ಬಂದ ವಾರದಲ್ಲೇ ಒಂಬತ್ತು ಟೋಪಿ ಹೆಣೆದು ತಂದರು. ಕಿತ್ತಳೆ, ಗಿಳಿಹಸಿರು, ಕೆಂಪು. ದಾರ ಅಕ್ರಿಲಿಕ್, ಅಂದರೆ ಉಣ್ಣೆಯ ಹಾಗೆ ಕಾಣುವ ಪ್ಲಾಸ್ಟಿಕ್ ನೂಲು. ಬಣ್ಣ ಬಿಡಿ, ದಾರವೇ ಆಗುವುದಿಲ್ಲ ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೆಂಕಿ ತಗುಲಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಕರಗುವುದಿಲ್ಲ, ಕಪ್ಪಾಗಿ ಪುಡಿಯಾಗುತ್ತದೆ. ಇದೇ ಕಾರಣಕ್ಕೆ 2006ರಲ್ಲಿ ಇರಾಕಿನಲ್ಲಿದ್ದ ಅಮೆರಿಕದ ಮರೀನ್ ಪಡೆಯವರು ಶಿಬಿರದಿಂದ ಹೊರಗೆ ಹೋಗುವಾಗ ಕರಗುವಂಥ ಸಿಂಥೆಟಿಕ್ ಬಟ್ಟೆ ಹಾಕಬಾರದು ಅಂತ ಆದೇಶವೇ ಆಗಿತ್ತು. ಅಜ್ಜಿ ಎಲ್ಲ ಕೇಳಿಸಿಕೊಂಡು, "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?" ಅಂದರು. ಸರಿಯಾದ ಮಾತೇ.

ಈಗ ಅವರು ಅಪ್ಪಟ ಉಣ್ಣೆಯಲ್ಲಿ, ಮಾಸಲು ಹಸಿರು ಮತ್ತು ಕಪ್ಪು ಬಣ್ಣದಲ್ಲಿ ಹೆಣೆಯುತ್ತಿದ್ದಾರೆ. ಜೊತೆಗೆ ಕಾಲುಚೀಲ. ಬೆರಳ ತುದಿಯಲ್ಲಿ ದಪ್ಪ ಹೊಲಿಗೆ ಉಳಿದರೆ ಬೂಟಿನೊಳಗೆ ಉಜ್ಜಿ ಬೊಕ್ಕೆ ಏಳುತ್ತದೆ. ಅದಕ್ಕೆ ಎರಡು ಅಂಚಿನ ಕುಣಿಕೆಗಳನ್ನು ಸೂಜಿಯಿಂದ ಒಂದಕ್ಕೊಂದು ಪೋಣಿಸುವ ಒಂದು ಉಪಾಯವಿದೆ, ಕಿಚನರ್ ಹೊಲಿಗೆ ಅನ್ನುತ್ತಾರೆ. ಜೋಡಿಸಿದ ಜಾಗ ಕೈಗೆ ಸಿಗುವುದೇ ಇಲ್ಲ. ನಾನೂ ಕಲಿಯಲು ಕೂತೆ. ನನ್ನ ಮೊದಲ ಕಾಲುಚೀಲ ನೋಡಿ ಅಜ್ಜಿ ಏನೂ ಅನ್ನದೆ ಬಿಚ್ಚಿದರು.

ವಿಳಾಸದ್ದು ಇನ್ನೊಂದು ತೊಡಕು. "ಯಾವುದೇ ಸೈನಿಕರಿಗೆ" ಅಂತ ಬರೆದು ಕಳಿಸಿದರಾಯಿತು ಅಂದುಕೊಂಡಿದ್ದೆವು. 2001ರಲ್ಲಿ ಅಮೆರಿಕದಲ್ಲಿ ಆಂಥ್ರಾಕ್ಸ್ ಅನ್ನುವ ಮಾರಕ ರೋಗದ ಪುಡಿ ಹಾಕಿದ ಪತ್ರಗಳು ಬಂದ ಮೇಲೆ ಅಲ್ಲಿನ ಸೇನೆ ಅಂಥ ಹೆಸರಿಲ್ಲದ ಟಪಾಲನ್ನು ನಿಲ್ಲಿಸಿತು. ಹೆಸರು, ಯೂನಿಟ್, ಸೇನಾ ಅಂಚೆಯ ಸಂಖ್ಯೆ ಬೇಕು. ಅವರಿರುವ ಜಾಗದ ಹೆಸರನ್ನು ಮಾತ್ರ ಪೆಟ್ಟಿಗೆ ಮೇಲೆ ಬರೆಯಬಾರದು. ಹೆಸರು ಸಿಗಬೇಕಾದರೆ ಮನೆಯವರನ್ನೇ ಕೇಳಬೇಕು, ಅಲ್ವಾ? ಹಾಗೆ ಮನೆ ಮನೆ ತಿರುಗುವಾಗಲೇ ಈ ಕೆಲಸದ ಎರಡನೇ ಅರ್ಧ ಗಂಟುಬಿದ್ದದ್ದು.

ಒಂದು ಮನೆಯಲ್ಲಿ ಗಂಡ ನಿವೃತ್ತ ಸೈನಿಕ, ಹೋದ ವರ್ಷ ತೀರಿಕೊಂಡರು. ಮಗ ಈಗ ಸೇನೆಯಲ್ಲಿ. ನಾವು ಹಣ್ಣಿನ ಬುಟ್ಟಿ ಹಿಡಿದು ಹೋದೆವು. ಆಕೆ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಒಳಗಿನಿಂದ ಒಂದು ಚೀಲ ಕಾಗದ ತಂದು ನಮ್ಮ ಮುಂದೆ ಸುರಿದರು. ಗಂಡನ ಸೇವಾ ದಾಖಲೆಯಲ್ಲಿ ಇವರ ಹೆಸರು ಒಂದು ಥರ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಥರ. ಒಂದೇ ಒಂದು ಅಕ್ಷರದ ವ್ಯತ್ಯಾಸ. ಕುಟುಂಬ ಪಿಂಚಣಿ ಅಲ್ಲಿಗೇ ನಿಂತಿತ್ತು. ನಾವು ಇಬ್ಬರು ಸರದಿಯಲ್ಲಿ ಅವರ ಜೊತೆ ಕಚೇರಿಗೆ ಹೋಗುತ್ತಿದ್ದೇವೆ. ನಾಲ್ಕು ಸಲ ಆಯಿತು. ಪ್ರತಿ ಸಲವೂ ಹೊಸ ಕಾಗದ ಕೇಳುತ್ತಾರೆ. ಪ್ರಮಾಣಪತ್ರ ಮಾಡಿಸಿದ್ದೇವೆ, ಅರ್ಜಿ ಸ್ವೀಕರಿಸಿದ ಚೀಟಿಯಾದರೂ ಈ ಸಲ ಕೈಗೆ ಬಂದಿದೆ. ಕೆಲಸ ಇನ್ನೂ ಆಗಿಲ್ಲ.

ಕಿತ್ತಳೆ ಟೋಪಿ ಅವರ ಮೊಮ್ಮಗಳ ತಲೆಯ ಮೇಲಿದೆ. ಉಳಿದ ಎಂಟೂ ಇಂಥದ್ದೇ ಮನೆಗಳ ಮಕ್ಕಳಿಗೆ ಹೋದವು. ಸೆಕೆಗಾಲದಲ್ಲೂ ತೆಗೆಯುವುದಿಲ್ಲವಂತೆ.

ಆಕೆ ಈಗ ಗುರುವಾರ ನಮ್ಮ ಜೊತೆ ಪತ್ರ ಬರೆಯಲು ಬರುತ್ತಾರೆ. ನಾವೆಲ್ಲ "ನಿಮ್ಮ ತ್ಯಾಗಕ್ಕೆ ವಂದನೆಗಳು" ಅಂತ ಶುರು ಮಾಡಿ, ಮುಂದೇನು ಬರೆಯುವುದು ಅಂತ ಪೆನ್ನು ಕಚ್ಚುತ್ತಾ ಕೂರುತ್ತೇವೆ. ಅವರ ಪತ್ರದ ಮೊದಲ ಸಾಲು: "ನಮ್ಮ ಬೆಕ್ಕು ಮರಿ ಹಾಕಿದೆ, ನಾಲ್ಕು, ಒಂದಕ್ಕೆ ಮಾತ್ರ ಮೀಸೆ ಕಪ್ಪು." ಎರಡು ಪುಟ ಹಾಗೇ ಹೋಗುತ್ತದೆ. ಇಷ್ಟು ವರ್ಷ ಗಂಡನಿಗೆ ಬರೆದ ಕೈ ಅದು.

ನಿನ್ನೆ ತಳ ಕಿತ್ತ ಪೆಟ್ಟಿಗೆಯಲ್ಲಿದ್ದದ್ದು ಆ ಬೆಕ್ಕಿನ ಪತ್ರವೇ. ಒಂದು ಮೂಲೆ ನೆನೆದು ಶಾಯಿ ಹರಡಿದೆ. ಫೋನ್ ಮಾಡಿ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. "ಒಳ್ಳೇದೇ ಆಯ್ತು, ಹೊಸದು ಬರೀತೀನಿ. ಮರಿ ನಾಲ್ಕಲ್ಲ, ಐದು. ಒಂದು ಅಟ್ಟದ ಮೇಲಿತ್ತು" ಅಂದರು.