ಅಷ್ಟೇನಾ?

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿದೆ. ಅಮ್ಮ ಅಂದಿದ್ದು. "ಅಷ್ಟೇನಾ?"

ಅಂಗಳದ ತುಂಬ ಕಾಳುಮೆಣಸು ಒಣಗೋಕೆ ಹಾಕಿತ್ತು. ಅಮ್ಮ ಮೊರ ಹಿಡಿದು ಕಾಳು ಕೇರುತ್ತಿದ್ದಳು. ಮಾವ ಜಗಲಿ ಮೇಲೆ ಕವಳ ಹಾಕುತ್ತಾ ಕೂತಿದ್ದ. ಅವನು ಬಂದಿದ್ದು ಬೇರೇನೋ ಕೆಲಸಕ್ಕೆ, ಆದರೆ ನಾನು ವಿಯೆಟ್ನಾಂಗೆ ಹೋಗಿ ಬಂದಿದ್ದನ್ನು ಯಾರೋ ಅವನ ಕಿವಿಗೆ ಹಾಕಿದ್ದರು. "ಎಂತಾ ಮಾರಾಯಾ, ಫಾರಿನ್ ಟೂರಂತೆ! ಸೊಸೈಟಿ ಸಾಲ ಎಲ್ಲ ತೀರ್ತಾ?" ಅಂದ. ನಮ್ಮ ಮಾವನಿಗೆ ಒಂದು ಚಾಳಿ ಇದೆ. ಇನ್ನೊಬ್ಬರ ಮನೆ ಸಾಲದ ಲೆಕ್ಕ ಪೈಸೆ ಸಮೇತ ನೆನಪಿರುತ್ತೆ, ತಾನು ಕೊಡಬೇಕಾದ್ದು ಮಾತ್ರ ಮರೆತುಹೋಗುತ್ತೆ.

ನನಗೂ ರೇಗಿತು. ಮೊಬೈಲ್ ತೆಗೆದು ಲೆಕ್ಕ ಓದಿಯೇಬಿಟ್ಟೆ. ಹೋಗಿ ಬರೋ ವಿಮಾನದ ಟಿಕೆಟ್ 18,200. ಇ-ವೀಸಾ 25 ಡಾಲರ್. ರೂಮು 6 ರಾತ್ರಿಗೆ 3,000. ಊಟ ತಿಂಡಿ 4,500. ಬಸ್ಸು, ಸಿಮ್ಮು, ಇನ್ಶೂರೆನ್ಸು, ಸಾಗರದಿಂದ ಬೆಂಗಳೂರಿಗೆ ಹೋಗಿ ಬಂದಿದ್ದು, ಎಲ್ಲ ಸೇರಿ 9 ದಿನಕ್ಕೆ 38,740 ರೂಪಾಯಿ.

ಮಾವ ನಂಬಲಿಲ್ಲ, ಬಿಡಿ. ಆದರೆ ಅಮ್ಮನ ಕೈಯಲ್ಲಿದ್ದ ಮೊರ ನಿಂತಿತು. ಹೊಟ್ಟು ಅರ್ಧ ಹಾರಿತ್ತು, ಅರ್ಧ ಮೊರದಲ್ಲೇ ಇತ್ತು. ನನ್ನ ಕಡೆ ನೋಡದೆ, ಕಾಳಿನ ಕಡೆಗೇ ನೋಡುತ್ತಾ "ಅಷ್ಟೇನಾ?" ಅಂದಳು. ಆಮೇಲೆ ಮತ್ತೆ ಕೇರೋಕೆ ಶುರು ಮಾಡಿದಳು.

ನಾನು ಅದನ್ನು ಹೊಗಳಿಕೆ ಅಂದುಕೊಂಡೆ! ಮಗ ಎಷ್ಟು ಜಾಣ, ಎಷ್ಟು ಕಡಿಮೆಯಲ್ಲಿ ಮುಗಿಸಿಕೊಂಡು ಬಂದ ಅಂತ. ಉಬ್ಬಿಹೋಗಿ ಇನ್ನೂ ಕೊಚ್ಚಿಕೊಂಡೆ. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದ್ದರೂ ನಾನು ಸಾಗರದಲ್ಲಿ ರಾತ್ರಿ ರೈಲಿನ ಸ್ಲೀಪರ್ ಹತ್ತಿ ಬೆಂಗಳೂರಿಗೆ ಹೋಗಿದ್ದು. ಲಗೇಜಿಗೆ ದುಡ್ಡು ಕೊಡಬಾರದು ಅಂತ 7 ಕಿಲೋದ ಒಂದೇ ಚೀಲದಲ್ಲಿ 9 ದಿನ ಕಳೆದಿದ್ದು, ಚೆಕ್-ಇನ್ ಕೌಂಟರಿನಲ್ಲಿ ತೂಕ ಜಾಸ್ತಿ ಬಂತು ಅಂತ ಜೀನ್ಸ್ ಮೇಲೆ ಇನ್ನೊಂದು ಪ್ಯಾಂಟು ಹಾಕಿಕೊಂಡಿದ್ದು. ಎರಡು ರಾತ್ರಿ ರೂಮಿನ ಬಾಡಿಗೆ ಉಳಿಸೋಕೆ ಸ್ಲೀಪರ್ ಬಸ್ಸಿನಲ್ಲೇ ಮಲಗಿದ್ದು. ಅಲ್ಲಿ ಬಸ್ ಹತ್ತುವಾಗಲೇ ಚಪ್ಪಲಿ ಬಿಚ್ಚಬೇಕು. ಬಾಗಿಲಲ್ಲೇ ಒಂದು ಪ್ಲಾಸ್ಟಿಕ್ ಕವರ್ ಕೊಡುತ್ತಾರೆ, ಚಪ್ಪಲಿ ಅದರೊಳಗೆ. ಇದನ್ನು ಕೇಳಿ ಅಪ್ಪಯ್ಯ ಒಳಗಿಂದಲೇ "ನಮ್ಮ ಬಸ್ಸಿಗೂ ಮಾಡಬೇಕು" ಅಂದರು.

ಇನ್ನೊಂದು ಪಜೀತಿಯನ್ನೂ ಹೇಳಿದೆ. ಅಲ್ಲಿ ಒಂದು ರೂಪಾಯಿಗೆ ಹೆಚ್ಚುಕಡಿಮೆ 300 ಡಾಂಗ್. ಸೊನ್ನೆ ಎಣಿಸಿ ಎಣಿಸಿ ಸಾಕಾಗುತ್ತೆ. 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಬೆಳಗ್ಗೆ ಬಸ್ಸಿಳಿದು, ನಿದ್ದೆಗಣ್ಣಲ್ಲಿ, ರಸ್ತೆ ಬದಿಯಲ್ಲಿ ಕಾಫಿ ಮಾರುತ್ತಿದ್ದ ಒಬ್ಬ ಹೆಂಗಸಿಗೆ 20,000ದ ಕಾಫಿಗೆ 5 ಲಕ್ಷದ ನೋಟು ಕೊಟ್ಟು ಚಿಲ್ಲರೆಗೂ ಕಾಯದೆ ಹೊರಟಿದ್ದೆ. ನಮ್ಮ ಲೆಕ್ಕದಲ್ಲಿ 65 ರೂಪಾಯಿ ಬದಲು 1,600 ಚಿಲ್ಲರೆ! ಆಕೆ ಹಿಂದೆಯೇ ಓಡಿ ಬಂದು ನೋಟನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಪರ್ಸಿನಿಂದ ತಾನೇ ಸರಿಯಾದ ನೀಲಿ ನೋಟು ಎತ್ತಿಕೊಂಡು, ಬಾಯಿಗೆ ಬಂದಂತೆ ಏನೋ ಬೈದಳು. ಅರ್ಥ ಆಗಲಿಲ್ಲ, ಆದರೆ ದನಿ ಥೇಟ್ ನಮ್ಮಮ್ಮನದೇ.

ರಾತ್ರಿ ಮಲಗಿದಾಗ ಆ "ಅಷ್ಟೇನಾ?" ಬೇರೆ ಥರ ಕೇಳಿಸೋಕೆ ಶುರುವಾಯಿತು. ಅದು ಹೊಗಳಿಕೆ ಅಲ್ಲ. ಇಷ್ಟು ವರ್ಷ ಅದು ಇಷ್ಟೇ ಅಂತ ನನಗ್ಯಾಕೆ ಯಾರೂ ಹೇಳಲಿಲ್ಲ ಅನ್ನೋದು.

ಅಮ್ಮನ ಹತ್ತಿರ ಪಾಸ್‌ಪೋರ್ಟ್ ಇದೆ. ಇತ್ತು ಅನ್ನಬೇಕು. 2016ರ ಜನವರಿಯಲ್ಲಿ ಮಾಡಿಸಿದ್ದು. ಅಕ್ಕ ಅಮೆರಿಕದಲ್ಲಿ ಬಸುರಿಯಾಗಿದ್ದಳು, ಬಾಣಂತನಕ್ಕೆ ಅಮ್ಮ ಹೋಗಬೇಕಿತ್ತು. ಅಮ್ಮ ಹೊಸ ಸ್ವೆಟರ್ ತಗೊಂಡಿದ್ದಳು, ಲೇಹದ ಸಾಮಾನು ಕಟ್ಟಿಟ್ಟಿದ್ದಳು. ಕೊನೆಗೆ ಏನೇನೋ ಆಗಿ ಅಕ್ಕನೇ ಊರಿಗೆ ಬಂದಳು. ಪಾಸ್‌ಪೋರ್ಟ್ ಗೋದ್ರೆಜ್‌ನಲ್ಲಿ ರೇಷ್ಮೆ ಸೀರೆ ಅಡಿಗೆ ಹೋಯಿತು. ಸೋಮವಾರ ತೆಗೆದು ನೋಡಿದೆ. ನುಸಿ ಗುಳಿಗೆ ವಾಸನೆ. ಒಂದೇ ಒಂದು ಠಸ್ಸೆ ಇಲ್ಲ, ಎಲ್ಲ ಹಾಳೆಯೂ ಖಾಲಿ. ಹತ್ತು ವರ್ಷ ತುಂಬಿ ಈ ಜನವರಿಗೆ ಅವಧಿ ಮುಗಿದಿದೆ.

ನಮ್ಮ ಕಡೆ ಹೆಂಗಸರು ಫಾರಿನ್ ನೋಡೋದು ಬಾಣಂತನದ ಲೆಕ್ಕದಲ್ಲಿ ಅಲ್ವಾ? ಆರು ತಿಂಗಳು ಮಗು ಮೀಯಿಸಿ, ಎಣ್ಣೆ ಹಚ್ಚಿ, ಅಡುಗೆ ಮಾಡಿ, ಮಧ್ಯೆ ಒಂದು ಶನಿವಾರ ನಯಾಗರ ನೋಡಿ, ಚಾಕೊಲೇಟ್ ತುಂಬಿಕೊಂಡು ಬರೋದು. ಅದು ಸಿಗದಿದ್ದರೆ ಇಲ್ಲ, ಅಷ್ಟೆ. ಸುಮ್ನೆ ಒಂದು ಊರು ನೋಡೋಕೆ ಹೋಗ್ತೀನಿ ಅಂತ ಯಾವ ಅತ್ತೆ, ಯಾವ ಚಿಕ್ಕಮ್ಮ ಹೇಳಿದ್ದನ್ನೂ ನಾನು ಕೇಳಿಲ್ಲ. ಹೇಳೋಕೆ ಮೊದಲು ಅದಕ್ಕೆ ಎಷ್ಟಾಗುತ್ತೆ ಅಂತ ಗೊತ್ತಿರಬೇಕಲ್ಲ. ನಮ್ಮನೆಯಲ್ಲಿ ಅಡಿಕೆ ದುಡ್ಡು ಅಪ್ಪಯ್ಯನ ಕೈಗೆ ಬರುತ್ತೆ, ಪಂಪ್‌ಸೆಟ್ಟಿಗೆ, ಗೊಬ್ಬರಕ್ಕೆ, ಸಾಲಕ್ಕೆ ಹೋಗುತ್ತೆ. ಅದರ ಮಾತೆಲ್ಲ ಜಗಲಿಯಲ್ಲೇ ಮುಗಿಯುತ್ತೆ. ಅಪ್ಪಯ್ಯ ಕೆಟ್ಟವರಲ್ಲ. ಕೇಳಿದ್ದರೆ ಬೇಡ ಅನ್ನುತ್ತಲೂ ಇರಲಿಲ್ಲವೇನೋ. ಆದರೆ ಫಾರಿನ್ ಅಂದ್ರೆ ಲಕ್ಷಗಟ್ಟಲೆ ಅಂತ ಅವರಿಗೂ ಯಾರೋ ಹೇಳಿದ್ದು, ಅಮ್ಮ ಅದನ್ನೇ ನಂಬಿ ಬಾಯಿ ಮುಚ್ಚಿಕೊಂಡಿದ್ದಳು. ಮೂರು ವರ್ಷದ ಹಿಂದೆ ಮನೆಗೆ ಹೊಸ ಟಿವಿ ಬಂತು. ಅದರ ಬೆಲೆ 42,000.

ನಾನಾದರೂ ಹೇಳಿದ್ದೆನಾ? ಇಲ್ಲ. ತಿಂಗಳುಗಟ್ಟಲೆ ರಾತ್ರಿ ಕೂತು ಟಿಕೆಟ್ ರೇಟ್ ನೋಡುತ್ತಿದ್ದಾಗ ಅಮ್ಮ ಎರಡು ಸಲ ಬಂದು "ಎಂತ ನೋಡ್ತಿದೀಯ?" ಅಂದಿದ್ದಳು. ಎರಡು ಸಲವೂ "ಎಂತ ಇಲ್ಲ" ಅಂದಿದ್ದೆ.

ಅದಕ್ಕಿಂತ ಹೆಚ್ಚು ಕುಟುಕಿದ್ದು ಮೆಣಸಿನ ವಿಷಯ. ವಿಯೆಟ್ನಾಂ ಅನ್ನೋ ಹೆಸರು ನಮ್ಮನೆಗೆ ಹೊಸದಲ್ಲ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯೋ ದೇಶ ಅದು. ಇಲ್ಲಿ ರೇಟು ಬಿದ್ದಾಗೆಲ್ಲ ನಾವು ಬೈಯೋದೂ ಅದನ್ನೇ. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಗೆ ಹೊರದೇಶದಿಂದ ಮೆಣಸು ತರಿಸೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಆದೇಶ ಮಾಡಿದಾಗ ಪೇಪರು ಓದಿ ಹೇಳಿದ್ದು ಅಮ್ಮನೇ. ನಮ್ಮನೆ ಮೆಣಸು ಅಮ್ಮನ ಬಾಬ್ತು. ಬಳ್ಳಿ ಕಟ್ಟಿಸೋದು, ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಸೋದು, ಕೊಯ್ಲು, ಒಣಗಿಸೋದು ಎಲ್ಲ. ಅಡಿಕೆ ಮರಕ್ಕೆ ಹಬ್ಬಿಸಿದ ಆ ಬಳ್ಳಿಯಿಂದ ಬರೋ ದುಡ್ಡಷ್ಟೇ ಅಮ್ಮನ ಕೈಖರ್ಚು.

ನಾನು ಬುವೊನ್ ಮಾ ಥುವೋಟ್ ಅನ್ನೋ ಕಾಫಿ ಸೀಮೆಗೆ ಹೋಗಿದ್ದು ಸುಮ್ನೆ, ಅಲ್ಲಿ ರೂಮು ಅಗ್ಗ ಅಂತ. ಬೈಕ್ ಟ್ಯಾಕ್ಸಿಯಲ್ಲಿ ಹೋಗುವಾಗ ದಾರಿಯಲ್ಲಿ ಮೆಣಸಿನ ತೋಟ ಕಂಡಿತು. ಅಲ್ಲಿ ಕೆಲವು ಕಡೆ ಬಳ್ಳಿಯನ್ನು ಮರಕ್ಕಲ್ಲ, ಇಟ್ಟಿಗೆ ಕಂಬಕ್ಕೆ ಹಬ್ಬಿಸುತ್ತಾರೆ. ಆಳೆತ್ತರಕ್ಕಿಂತ ಎತ್ತರದ ದುಂಡನೆ ಕಂಬಗಳು, ಸಾಲಾಗಿ. ಒಂದು ತೋಟದಲ್ಲಿ ಬರೀ ಬೋಳು ಕಂಬಗಳೇ ನಿಂತಿದ್ದವು, ಹಾಳು ಬಿದ್ದ ದೇವಸ್ಥಾನದ ಥರ. ಚೆನ್ನಾಗಿ ಕಾಣುತ್ತೆ ಅಂತ ಫೋಟೋ ತೆಗೆದೆ.

ಸೋಮವಾರ ಸಂಜೆ ಆ ಫೋಟೋ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿದಳು. ಕಂಬದ ಬುಡ ನೋಡಿದಳು, ಪಕ್ಕದ ಕಂಬದ ಬುಡ ನೋಡಿದಳು. "ಇಲ್ಲಿ ನೋಡು, ಒಣಗಿದ ಬೇರು ಇನ್ನೂ ಕಂಬಕ್ಕೆ ಅಂಟಿಕೊಂಡಿದೆ. ಬಳ್ಳಿ ಇತ್ತು, ಸತ್ತಿದೆ. ಸೊರಗು ರೋಗವೇ ಇರಬೇಕು. ಪಾಪ, ಇಡೀ ತೋಟ ಹೋಗಿದೆ ಮಾರಾಯಾ" ಅಂದಳು. ಆಮೇಲೆ ನೋಡಿದರೆ ಹೌದು, ಅಲ್ಲಿನ ಮೆಣಸಿನ ಸೀಮೆಯಲ್ಲಿ ರೋಗಕ್ಕೆ ಬಳ್ಳಿ ಸತ್ತು, ಮೇಲಿಂದ ರೇಟೂ ಬಿದ್ದು ಎಷ್ಟೋ ಜನ ಸಾಲದಲ್ಲಿ ಮುಳುಗಿದ್ದರಂತೆ. ಥೇಟ್ ನಮ್ಮಂತೆ. ನಾನು ಅದರ ಎದುರೇ ನಿಂತಿದ್ದೆ. ನನಗೆ ಕಂಡಿದ್ದು ಒಳ್ಳೇ ಫೋಟೋ.

ಬುಧವಾರ ಬೆಳಗ್ಗೆ ಅಮ್ಮ "ಆ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಡು" ಅಂದಳು. ಯಾಕೆ ಅಂತ ಕೇಳಲಿಲ್ಲ. ಬರೆದುಕೊಟ್ಟೆ. ಮೇಲ್ಗಡೆ ಪಾಸ್‌ಪೋರ್ಟ್ 1,500 ಅಂತ ಸೇರಿಸಿದೆ. ಶಿವಮೊಗ್ಗದಲ್ಲಿ ಅಂಚೆ ಕಚೇರಿಯಲ್ಲೇ ಆಗುತ್ತಂತೆ ಅಂದೆ. ಒಲೆ ಮುಂದೆ ನಿಂತು ಒಂದೊಂದೇ ಸಾಲು ಓದಿದಳು. ಬಸ್ಸಿನ ಸಾಲಿಗೆ ಬಂದಾಗ "ಅದರಲ್ಲಿ ಮಲಗಿದರೆ ಸೊಂಟ ನೋಯಲ್ವಾ?" ಅಂದಳು. ಇಲ್ಲ, ಕೆಳಗಿನ ಸೀಟು ತಗೊಂಡರಾಯ್ತು ಅಂದೆ. ಅಲ್ಲಿ ಸಸ್ಯಾಹಾರಕ್ಕೆ "ಚಾಯ್" ಅಂತಾರೆ, ಆ ಬೋರ್ಡು ನೋಡಿಕೊಂಡು ಹೋದರೆ ನೂರು ನೂರಿಪ್ಪತ್ತು ರೂಪಾಯಿಗೆ ಅನ್ನ, ತೋಫು, ಸೊಪ್ಪು ಎಲ್ಲ ಸಿಗುತ್ತೆ ಅಂತಲೂ ಹೇಳಿದೆ.

ಅಮ್ಮನ ಬೆರಳು ಊಟ ತಿಂಡಿ ಸಾಲಿನ ಮೇಲೆ ನಿಂತಿತ್ತು.

"ನಾಲ್ಕೂವರೆ ಸಾವಿರ ಯಾಕಾಯ್ತು? ಅವಲಕ್ಕಿ, ಚಟ್ನಿಪುಡಿ ಕಟ್ಟಿ ಕೊಟ್ಟಿದ್ನಲ್ಲ?"